ಮಾಡೆಲ್ ಯುಎನ್‌ಗೆ ತಯಾರಿ: ನಮ್ಮ ಕಡೆಯ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿಯ ಹುಡುಗ ಹುಡುಗಿಯರು ಫೋನ್ ಮಾಡಿ, ವಾಟ್ಸಾಪಿನಲ್ಲಿ ಬರೆದು, ಎದುರಿಗೆ ಸಿಕ್ಕಾಗ ನಿಲ್ಲಿಸಿ ಕೇಳಿದ ಪ್ರಶ್ನೆಗಳಿವು. ಅವರು ಕೇಳಿದ ಧಾಟಿಯಲ್ಲೇ ಇಟ್ಟಿದ್ದೇನೆ. ಮೊದಲ ಸಲ ಹೋಗುವವರು ಮೇಲಿನಿಂದ ಓದಿ. ಒಂದೆರಡು ಸಲ ಹೋಗಿ ಬಂದವರು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು.

## ಏನೂ ಗೊತ್ತಿಲ್ಲದವರಿಗೆ

ಎಂಯುಎನ್ ಅಂದ್ರ ಏನ್ರಿ? ಡಿಬೇಟ್ ಕಾಂಪಿಟಿಷನ್ನೇ ಅಲ್ವಾ?

ಪೂರ್ತಿ ಅಲ್ಲ. ಡಿಬೇಟ್‌ನಲ್ಲಿ ಎರಡು ಕಡೆ ಇರುತ್ತವೆ, ಒಬ್ಬರು ಗೆಲ್ಲುತ್ತಾರೆ. ಇಲ್ಲಿ ನೀವು ಒಂದು ದೇಶದ ಪ್ರತಿನಿಧಿ, ಅಂದರೆ ಡೆಲಿಗೇಟ್. ಕೋಣೆಯಲ್ಲಿ ಮೂವತ್ತೋ ಅರವತ್ತೋ ದೇಶಗಳಿರುತ್ತವೆ, ಒಂದು ವಿಷಯ ಇರುತ್ತದೆ, ಎರಡು ಮೂರು ದಿನ ಮಾತಾಡಿ ಕೊನೆಗೆ ಒಂದು ನಿರ್ಣಯ ಬರೆದು ಮತ ಹಾಕಬೇಕು. ಎದುರಿನವರನ್ನು ಮಾತಿನಲ್ಲಿ ಸೋಲಿಸಿದರೆ ನಿಮಗೆ ಒಂದು ಮತವೂ ಬರುವುದಿಲ್ಲ. ಅವರಿಂದ ಸಹಿ ಹಾಕಿಸಿಕೊಂಡರೆ ಬರುತ್ತದೆ. ಇಷ್ಟು ತಲೆಯಲ್ಲಿ ಕೂತರೆ ಅರ್ಧ ತಯಾರಿ ಮುಗಿದ ಹಾಗೆ.

ನಿಜವಾದ ವಿಶ್ವಸಂಸ್ಥೆ ಶುರುವಾದದ್ದು 1945ರಲ್ಲಿ, ಈಗ 193 ಸದಸ್ಯ ದೇಶಗಳಿವೆ. ಅದರ ಸಭೆಗಳ ಅನುಕರಣೆಯೇ ಮಾಡೆಲ್ ಯುಎನ್. ನಡೆಸುವವರೂ ಹೆಚ್ಚಾಗಿ ವಿದ್ಯಾರ್ಥಿಗಳೇ.

ನಂದು ಕನ್ನಡ ಮೀಡಿಯಂ. ಇಂಗ್ಲಿಷ್ ಮಾತಾಡ್ಬೇಕಂದ್ರ ತಡವರಿಸ್ತದ. ಹೋಗೋದು ಬ್ಯಾಡೇನು?

ಹೋಗಿ. ನಮ್ಮ ಕಡೆಯಿಂದ ಜಾಸ್ತಿ ಬರುವ ಪ್ರಶ್ನೆ ಇದೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ದೊಡ್ಡ ಊರಿನ ಶಾಲೆಗಳಿಂದ ಬಂದವರು ಪಟಪಟ ಇಂಗ್ಲಿಷ್ ಮಾತಾಡುತ್ತಾರೆ, ನಿಜ. ಮೊದಲ ಒಂದು ಗಂಟೆ ಅದನ್ನು ಕೇಳಿ ಎದೆ ಝಲ್ ಅನ್ನುತ್ತದೆ. ಎರಡನೇ ಗಂಟೆಗೆ ಗಮನಿಸಿ: ಅವರಲ್ಲಿ ಅರ್ಧ ಜನ 'ಶಾಂತಿ ಬೇಕು, ಸಹಕಾರ ಬೇಕು, ಎಲ್ಲರೂ ಒಟ್ಟಾಗಬೇಕು' ಅನ್ನುವುದನ್ನೇ ಬೇರೆ ಬೇರೆ ರೀತಿಯಲ್ಲಿ ಹೇಳುತ್ತಿರುತ್ತಾರೆ. ಆಗ ನೀವು ಎದ್ದು ನಾಲ್ಕು ಸಣ್ಣ ವಾಕ್ಯಗಳಲ್ಲಿ ಒಂದು ಒಪ್ಪಂದದ ಹೆಸರು, ಒಂದು ವರ್ಷ, ನಿಮ್ಮ ದೇಶದ ಒಂದು ಬೇಡಿಕೆ ಹೇಳಿದರೆ ಸಭಾಪತಿ ಪೆನ್ನು ಎತ್ತಿಕೊಳ್ಳುತ್ತಾರೆ. ವಿಶ್ವಸಂಸ್ಥೆಯ ಅಧಿಕೃತ ಭಾಷೆಗಳು ಆರು: ಅರಬ್ಬಿ, ಚೈನೀಸ್, ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್. ಅಲ್ಲಿ ಕೂತಿರುವ ಎಷ್ಟೋ ಪ್ರತಿನಿಧಿಗಳಿಗೆ ಇಂಗ್ಲಿಷ್ ಮನೆಮಾತಲ್ಲ. ವಾಜಪೇಯಿ ವಿದೇಶಾಂಗ ಮಂತ್ರಿಯಾಗಿದ್ದಾಗ 1977ರಲ್ಲಿ ಅಲ್ಲಿ ಹಿಂದಿಯಲ್ಲೇ ಮಾತಾಡಿದ್ದರು.

ಕೆಲಸಕ್ಕೆ ಬರುವ ಉಪಾಯ ಒಂದಿದೆ. ವಿಚಾರವನ್ನು ಮೊದಲು ಕನ್ನಡದಲ್ಲಿ ಯಾರಿಗಾದರೂ ಹೇಳಿ ನೋಡಿ. ಅಲ್ಲೇ ತಡವರಿಸಿದರೆ ತೊಂದರೆ ಭಾಷೆಯದಲ್ಲ, ಓದಿದ್ದು ಸಾಲದು ಅಂತ. ಕನ್ನಡದಲ್ಲಿ ಸಲೀಸಾಗಿ ಬಂದರೆ ಇಂಗ್ಲಿಷಿಗೆ ತರುವುದು ಅಂಥ ಕಷ್ಟವೇನಲ್ಲ. ಉದ್ದ ವಾಕ್ಯ ಬೇಡ. ದೇಶ, ಸಂಸ್ಥೆ, ಒಪ್ಪಂದಗಳ ಹೆಸರನ್ನು ಮಾತ್ರ ಜೋರಾಗಿ ಹೇಳಿ ಹೇಳಿ ಬಾಯಿಗೆ ರೂಢಿ ಮಾಡಿಕೊಳ್ಳಿ.

ಖರ್ಚು ಎಷ್ಟಾಗ್ತದ? ಎಲ್ಲಿಗೆ ಹೋಗ್ಬೇಕು?

ನೋಂದಣಿಗೆ ಸಾಮಾನ್ಯವಾಗಿ ಸಾವಿರ ರೂಪಾಯಿಯಿಂದ ಮೇಲಕ್ಕೆ. ಕೆಲವು ಕಡೆ ಊಟ, ವಸತಿ ಸೇರಿರುತ್ತದೆ, ಕೆಲವು ಕಡೆ ಇಲ್ಲ. ಹಣ ಕಟ್ಟುವ ಮುಂಚೆ ಇದೊಂದನ್ನು ಕೇಳಿಕೊಳ್ಳಿ. ನಮಗೆ ಹತ್ತಿರದ ದೊಡ್ಡ ಊರು ಹೈದರಾಬಾದ್. ಬೀದರ್‌ನಿಂದ ಸುಮಾರು 140 ಕಿಲೋಮೀಟರ್, ಕಲಬುರಗಿಯಿಂದ 220ರ ಆಸುಪಾಸು. ಬೆಂಗಳೂರಾದರೆ ರಾತ್ರಿ ರೈಲು. ಮೊದಲ ಸಲಕ್ಕೆ ಹೈದರಾಬಾದೇ ಸಾಕು ಅನ್ನುತ್ತೇನೆ. ನಾಲ್ಕೈದು ಜನ ಒಂದೇ ಕಾಲೇಜಿನಿಂದ ಹೋದರೆ ಡೆಲಿಗೇಷನ್ ರಿಯಾಯಿತಿ ಇರುತ್ತದೆ, ಕೇಳದಿದ್ದರೆ ಯಾರೂ ಕೊಡುವುದಿಲ್ಲ.

ಬ್ಲೇಜರ್ ಬೇಕೇ ಬೇಕಾ?

ಬೇಡ. ಇಸ್ತ್ರಿ ಮಾಡಿದ ಅಂಗಿ, ಪ್ಯಾಂಟು ಸಾಕು. ಸೀರೆ, ಚೂಡಿದಾರ್ ಎಲ್ಲಾ ನಡೆಯುತ್ತದೆ. ಬಾಡಿಗೆ ಬ್ಲೇಜರಿಗೆ ಕೊಡುವ ದುಡ್ಡಿನಲ್ಲಿ ಓದಬೇಕಾದ ಹಾಳೆಗಳ ಪ್ರಿಂಟ್ ತೆಗೆಸಿ.

ಮನ್ಯಾಗ 'ಇದರಿಂದ ಮಾರ್ಕ್ಸ್ ಬರ್ತಾವೇನು?' ಅಂತಾರ. ಏನ್ ಹೇಳ್ಲಿ?

ಬರುವುದಿಲ್ಲ ಅಂತಲೇ ಹೇಳಿ, ಸುಳ್ಳು ಯಾಕೆ? ಯುಪಿಎಸ್‌ಸಿ, ಕೆಎಎಸ್ ಕನಸಿರುವವರಿಗೆ ಅಂತರರಾಷ್ಟ್ರೀಯ ಸಂಬಂಧಗಳ ಓದು ಇಲ್ಲಿ ಪುಕ್ಕಟೆ ಆಗುತ್ತದೆ, ಇಂಟರ್‌ವ್ಯೂನಲ್ಲಿ ಅಪರಿಚಿತರ ಮುಂದೆ ಮಾತಾಡುವ ಹೆದರಿಕೆ ಕಡಿಮೆಯಾಗುತ್ತದೆ. ನಮ್ಮ ಕಡೆ ಅಪ್ಪಂದಿರು ಈ ಮಾತಿಗೆ ಸಾಮಾನ್ಯವಾಗಿ ಕರಗುತ್ತಾರೆ.

## ಹೋಗುವ ಮುಂಚಿನ ವಾರಗಳು

ಯಾವ ಕಮಿಟಿ ತಗೊಳ್ಳಿ?

ಮೊದಲ ಸಲವಾದರೆ ಸಾಮಾನ್ಯ ಸಭೆಯ, ಅಂದರೆ ಎಲ್ಲಾ ಸದಸ್ಯ ದೇಶಗಳೂ ಕೂರುವ ಜನರಲ್ ಅಸೆಂಬ್ಲಿಯ, ಒಂದು ಕಮಿಟಿ. ಸಾಮಾನ್ಯ ಸಭೆಗೆ ಆರು ಮುಖ್ಯ ಕಮಿಟಿಗಳಿವೆ. ಮೊದಲನೆಯದು ನಿಶ್ಶಸ್ತ್ರೀಕರಣ, ಎರಡನೆಯದು ಆರ್ಥಿಕ ವಿಷಯ, ಮೂರನೆಯದು ಮಾನವ ಹಕ್ಕು ಮತ್ತು ಸಾಮಾಜಿಕ ವಿಷಯ. ಹೆಚ್ಚಾಗಿ ಸಿಗುವುದು ಈ ಮೂರು. ಜನ ಜಾಸ್ತಿ ಇರುತ್ತಾರೆ, ಹಾಗಾಗಿ ಸ್ವಲ್ಪ ಹೊತ್ತು ಸುಮ್ನೆ ಕೂತು ಕಲಿಯುವುದಕ್ಕೆ ಜಾಗ ಇರುತ್ತದೆ. ಭದ್ರತಾ ಮಂಡಳಿಯಲ್ಲಿ ಇರುವುದೇ 15 ದೇಶ, ಅಲ್ಲಿ ಮೌನವಾಗಿ ಕೂತರೆ ಎಲ್ಲರಿಗೂ ಕಾಣುತ್ತದೆ.

ನಂಗೆ ಮೊಜಾಂಬಿಕ್ ಕೊಟ್ಟಿದ್ದಾರೆ. ಇದು ಎಲ್ಲಿದೆ ಅಂತಾನೂ ಗೊತ್ತಿಲ್ಲ. ಬದಲಾಯಿಸ್ಕೊಳ್ಲಾ?

ಬೇಡವೇ ಬೇಡ. ಅಮೆರಿಕ ಸಿಕ್ಕವರು ಹೇಳುವುದನ್ನು ಕೋಣೆಯಲ್ಲಿ ಎಲ್ಲರೂ ಮೊದಲೇ ಊಹಿಸಿರುತ್ತಾರೆ. ಮೊಜಾಂಬಿಕ್ ಬಗ್ಗೆ ನೀವು ಹೇಳಿದ್ದೇ ಹೊಸದು.

ಹೇಗೆ ಶುರು ಮಾಡಬೇಕು ನೋಡಿ. ಆಫ್ರಿಕಾದ ಪೂರ್ವ ಕರಾವಳಿ, ರಾಜಧಾನಿ ಮಪುಟೊ. ಪೋರ್ಚುಗಲ್‌ನಿಂದ 1975ರಲ್ಲಿ ಸ್ವತಂತ್ರವಾಯಿತು. ಉತ್ತರದ ಕಾಬೊ ಡೆಲ್ಗಾಡೊ ಪ್ರಾಂತ್ಯದಲ್ಲಿ 2017ರಿಂದ ಉಗ್ರರ ಹಾವಳಿ, ಅದೇ ಕಡಲಲ್ಲಿ ನೈಸರ್ಗಿಕ ಅನಿಲ. 2019ರಲ್ಲಿ ಇಡಾಯ್ ಚಂಡಮಾರುತ ಬೈರಾ ನಗರವನ್ನು ಬಹುಪಾಲು ಹಾಳು ಮಾಡಿತು. 2023 ಮತ್ತು 2024ರಲ್ಲಿ ಭದ್ರತಾ ಮಂಡಳಿಯ ತಾತ್ಕಾಲಿಕ ಸದಸ್ಯ. ಬ್ರಿಟಿಷರು ಆಳದ ದೇಶವಾದರೂ ಕಾಮನ್‌ವೆಲ್ತ್‌ನಲ್ಲಿದೆ. ಇಷ್ಟಕ್ಕೇ ಹವಾಮಾನ, ಭಯೋತ್ಪಾದನೆ, ಇಂಧನ, ಮೂರು ಅಜೆಂಡಾಗಳಿಗೆ ನಿಮ್ಮ ಹತ್ತಿರ ಮಾತಿದೆ.

ಇನ್ನೊಂದು ಸಂಗತಿ ಕಲಬುರಗಿಯವರಿಗೆ ಮಾತ್ರ ಥಟ್ಟನೆ ತಾಗುವಂಥದ್ದು. ಭಾರತ 2016ರ ಜುಲೈಯಲ್ಲಿ ಮೊಜಾಂಬಿಕ್ ಜೊತೆ ಬೇಳೆಕಾಳು ಆಮದಿಗೆ ಒಪ್ಪಂದ ಮಾಡಿಕೊಂಡಿತು, ಮುಖ್ಯವಾಗಿ ತೊಗರಿಗೆ. ಅದೇ ಹಂಗಾಮಿನಲ್ಲಿ ನಮ್ಮಲ್ಲಿ ತೊಗರಿ ಭರ್ಜರಿ ಬಂದು ಬೆಲೆ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ಆ ವರ್ಷವನ್ನೇ ವಿಶ್ವಸಂಸ್ಥೆ ಅಂತರರಾಷ್ಟ್ರೀಯ ದ್ವಿದಳ ಧಾನ್ಯ ವರ್ಷ ಅಂತ ಘೋಷಿಸಿತ್ತು! ತೊಗರಿ ಬೆಳೆಯುವ ಮನೆಯ ಹುಡುಗಿ ಮೊಜಾಂಬಿಕ್ ರೈತನ ಪರವಾಗಿ ಭಾರತದ ಮಾರುಕಟ್ಟೆ ಕೇಳಬೇಕು. ಕಷ್ಟ, ಆದರೆ ಎರಡೂ ಕಡೆಯ ನೋವು ಗೊತ್ತಿರುವವರು ಆ ಕೋಣೆಯಲ್ಲಿ ಬೇರೆ ಯಾರೂ ಇರುವುದಿಲ್ಲ.

ಎಲ್ಲಿ ಓದ್ಬೇಕು? ವಿಕಿಪೀಡಿಯ, ಚಾಟ್‌ಬಾಟ್ ನಡೀತದಾ?

ವಿಷಯದ ಪರಿಚಯಕ್ಕೆ ನಡೆಯುತ್ತದೆ, ಸಭೆಯಲ್ಲಿ ಪುರಾವೆ ಅಂತ ತೋರಿಸುವುದಕ್ಕೆ ನಡೆಯುವುದಿಲ್ಲ. ಪುರಾವೆಯಾಗಿ ಸಾಮಾನ್ಯವಾಗಿ ಒಪ್ಪುವುದು ವಿಶ್ವಸಂಸ್ಥೆಯ ದಾಖಲೆ, ಸರ್ಕಾರಗಳ ಅಧಿಕೃತ ಹೇಳಿಕೆ, ರಾಯಿಟರ್ಸ್‌ನಂಥ ಸುದ್ದಿಸಂಸ್ಥೆ. ಯಾವುದನ್ನು ಒಪ್ಪುತ್ತಾರೆ ಅನ್ನುವುದು ಬ್ಯಾಕ್‌ಗ್ರೌಂಡ್ ಗೈಡ್‌ನಲ್ಲೇ, ಅಂದರೆ ನಡೆಸುವವರು ಮೊದಲೇ ಕಳಿಸುವ ವಿಷಯದ ಕೈಪಿಡಿಯಲ್ಲೇ, ಬರೆದಿರುತ್ತದೆ, ಅದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ. ನಿಮ್ಮ ದೇಶ ಹಿಂದೆ ಹೇಗೆ ಮತ ಹಾಕಿದೆ ಅನ್ನುವುದು ಯುಎನ್ ಡಿಜಿಟಲ್ ಲೈಬ್ರರಿಯಲ್ಲಿ ಪುಕ್ಕಟೆ ಸಿಗುತ್ತದೆ. ಬಹಳ ಜನ ಅಲ್ಲಿಗೆ ಹೋಗುವುದೇ ಇಲ್ಲ.

ಚಾಟ್‌ಬಾಟ್ ಕೊಟ್ಟ ನಿರ್ಣಯದ ಸಂಖ್ಯೆ, ಒಪ್ಪಂದದ ವಿಧಿ ಕೆಲವು ಸಲ ಇರುವುದೇ ಇಲ್ಲ. ಮೂಲ ದಾಖಲೆ ತೆರೆದು ನೋಡದೆ ಒಂದು ಸಾಲನ್ನೂ ಬಳಸಬೇಡಿ. ಬೀದರ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಬಹಮನಿ ರಾಜ್ಯದ ಪ್ರಧಾನಿ, ದೂರದೂರದ ದೊರೆಗಳ ಜೊತೆ ಪತ್ರವ್ಯವಹಾರ ಮಾಡುತ್ತಿದ್ದ ಚತುರ. ಅವನ ಮೊಹರು ಬಿದ್ದ ಖಾಲಿ ಹಾಳೆಯ ಮೇಲೆ ವಿರೋಧಿಗಳು ಒಡಿಶಾದ ರಾಜನಿಗೆ ಬರೆದಂತೆ ದ್ರೋಹದ ಪತ್ರ ಬರೆದರು. ಸುಲ್ತಾನ ವಿಚಾರಣೆ ಮಾಡದೆ 1481ರಲ್ಲಿ ಅವನ ತಲೆ ತೆಗೆಸಿದ. ಮೊಹರು ಅಸಲಿ, ಪತ್ರ ನಕಲಿ.

ಪೊಸಿಷನ್ ಪೇಪರ್ ಹೆಂಗೆ ಬರೀಬೇಕು?

ಇದು ನಿಮ್ಮ ದೇಶದ ನಿಲುವನ್ನು ಸಭೆಗೆ ಮುಂಚೆ ಬರೆದು ಕೊಡುವ ಟಿಪ್ಪಣಿ. ಒಂದು, ಹೆಚ್ಚೆಂದರೆ ಎರಡು ಪುಟ. ಸಮಸ್ಯೆ ಏನು, ನಿಮ್ಮ ದೇಶ ಇಲ್ಲಿಯವರೆಗೆ ಏನು ಮಾಡಿದೆ, ಈಗ ಏನು ಕೇಳುತ್ತದೆ. ಮೊದಲ ಭಾಗವನ್ನೇ ಎಲ್ಲರೂ ಉದ್ದ ಮಾಡುತ್ತಾರೆ, ಏಕೆಂದರೆ ಅದು ಸುಲಭ. ಸಭಾಪತಿ ಓದುವುದು ಮೂರನೆಯದನ್ನು.

ನನ್ನ ಅಭಿಪ್ರಾಯನೇ ಬೇರೆ, ದೇಶದ್ದೇ ಬೇರೆ. ಒಪ್ಪದೇ ಇರೋದನ್ನ ಹೆಂಗೆ ಮಾತಾಡೋದು?

ಮಾತಾಡಲೇಬೇಕು, ಅದೇ ಈ ಆಟದ ಕಸರತ್ತು. ಅಭ್ಯಾಸಕ್ಕೆ ನಾನು ಕೊಡುವ ವಿಷಯ ನಮ್ಮ ನೆಲದ್ದೇ: ಭದ್ರತಾ ಮಂಡಳಿಯ ಮುಂದೆ ಹೋದ 'ಹೈದರಾಬಾದ್ ಪ್ರಶ್ನೆ'.

ಕಲಬುರಗಿ, ಬೀದರ್, ಯಾದಗಿರಿ ಎಲ್ಲವೂ ಆಗ ನಿಜಾಮರ ಸಂಸ್ಥಾನದಲ್ಲಿದ್ದವು. 1948ರ ಆಗಸ್ಟ್ 21ರಂದು ನಿಜಾಮರ ಸರ್ಕಾರ ಭಾರತದ ವಿರುದ್ಧ ವಿಶ್ವಸಂಸ್ಥೆಗೆ ದೂರು ಕೊಟ್ಟಿತು. ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಗೆ ಬಂತು. 16ಕ್ಕೆ ಪ್ಯಾರಿಸ್‌ನಲ್ಲಿ ಭದ್ರತಾ ಮಂಡಳಿ ಸೇರಿ ಚರ್ಚೆ ಶುರು ಮಾಡುವ ಹೊತ್ತಿಗೆ ಇಲ್ಲಿ ಕಾರ್ಯಾಚರಣೆ ಕೊನೆಯ ಹಂತದಲ್ಲಿತ್ತು. ಮರುದಿನ ನಿಜಾಮರು ಶರಣಾದರು, ಕೆಲವೇ ದಿನಗಳಲ್ಲಿ ದೂರನ್ನು ವಾಪಸ್ ಪಡೆಯುವುದಾಗಿಯೂ ತಿಳಿಸಿದರು. ಭಾರತದ ಪರ ಮಾತಾಡಿದ ರಾಮಸ್ವಾಮಿ ಮುದಲಿಯಾರ್ ಅವರ ವಾದದ ತಿರುಳು: ಹೈದರಾಬಾದ್ ಸ್ವತಂತ್ರ ರಾಷ್ಟ್ರವೇ ಅಲ್ಲ, ಆದ್ದರಿಂದ ಮಂಡಳಿಯ ಬಾಗಿಲು ತಟ್ಟುವ ಹಕ್ಕೇ ಇಲ್ಲ. ಹೈದರಾಬಾದ್ ಕಡೆಯ ವಾದ: ಬ್ರಿಟಿಷರು ಹೋದ ಮೇಲೆ ಪರಮಾಧಿಕಾರ ನಮಗೇ ಬಂತು, 1947ರ ನವೆಂಬರಿನ ಯಥಾಸ್ಥಿತಿ ಒಪ್ಪಂದವನ್ನು ಭಾರತವೇ ಮುರಿಯಿತು.

ಇಬ್ಬರು ಗೆಳೆಯರು ಕೂತು, ಮನಸ್ಸಿಗೆ ಒಗ್ಗದ ಕಡೆಯನ್ನೇ ಆರಿಸಿಕೊಂಡು, ಐದೈದು ನಿಮಿಷ ವಾದ ಮಾಡಿ. ಸೆಪ್ಟೆಂಬರ್ 17ರ ವಿಮೋಚನಾ ದಿನದ ಭಾಷಣಗಳಲ್ಲಿ ಕೇಳಿದ್ದು ಇಲ್ಲಿ ಸಾಲುವುದಿಲ್ಲ. ನಿಜಾಮರ ಪರವಾಗಿದ್ದ ಸಶಸ್ತ್ರ ರಜಾಕಾರರ ಕಾಲದ, ಬೀದರ್ ಜಿಲ್ಲೆಯ ಗೋರ್ಟಾ ಹಳ್ಳಿಯ ಹತ್ಯಾಕಾಂಡವನ್ನೂ ಓದಬೇಕು, ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ನಡೆದದ್ದರ ಬಗ್ಗೆ ಭಾರತ ಸರ್ಕಾರವೇ ಕಳಿಸಿದ್ದ ಸುಂದರಲಾಲ್ ಸಮಿತಿ ಬರೆದದ್ದನ್ನೂ ಓದಬೇಕು. ಅಜ್ಜ ಅಜ್ಜಿ ಇದ್ದರೆ ಅವರನ್ನೂ ಕೇಳಿ, ಒಂದೊಂದು ಮನೆಯಲ್ಲಿ ಒಂದೊಂದು ಕಥೆ ಸಿಗುತ್ತದೆ. ನಿಮಗೆ ಒಪ್ಪದ ಕಡೆಯ ವಾದವನ್ನು ಆ ಕಡೆಯವರೇ ತಲೆಯಾಡಿಸುವ ಹಾಗೆ ಹೇಳಲು ಬಂದರೆ, ಯಾವ ದೇಶ ಕೊಟ್ಟರೂ ಚಿಂತೆಯಿಲ್ಲ.

## ಸಭೆಯೊಳಗೆ

ಭಾಷಣಕ್ಕ ಕೊಡೋ 90 ಸೆಕೆಂಡ್ನಾಗ ಏನ್ ಹೇಳ್ಲಿಕ್ಕೆ ಆಗ್ತದ?

ಬಹಳ ಆಗುತ್ತದೆ. ಭಾರತದ ಪ್ರತಿನಿಧಿ ಕೃಷ್ಣ ಮೆನನ್ 1957ರಲ್ಲಿ ಭದ್ರತಾ ಮಂಡಳಿಯಲ್ಲಿ ಕಾಶ್ಮೀರದ ಬಗ್ಗೆ ಎರಡು ದಿನ ಸೇರಿ ಎಂಟು ಗಂಟೆಯ ಹತ್ತಿರ ಮಾತಾಡಿದರು. ನಿಮಗೆ ಆ ಸೌಕರ್ಯ ಇಲ್ಲ, ಕೇಳುವವರಿಗೂ ಆ ಶಿಕ್ಷೆ ಇಲ್ಲ. ಮೊದಲ ವಾಕ್ಯದಲ್ಲೇ ನಿಮ್ಮ ದೇಶದ ನಿಲುವು ಬರಲಿ. 'ಗೌರವಾನ್ವಿತ ಸಭಾಪತಿಗಳೇ, ಸಹ ಪ್ರತಿನಿಧಿಗಳೇ' ಅಂತ ಹದಿನೈದು ಸೆಕೆಂಡ್ ಕಳೆಯಬೇಡಿ. ಒಂದು ಪುರಾವೆ, ಒಂದು ಬೇಡಿಕೆ, ಸಾಕು. ಸಮಯ ಉಳಿದರೆ ಸಭಾಪತಿಗೆ ಬಿಟ್ಟುಕೊಡಬಹುದು, ಪ್ರಶ್ನೆಗಳಿಗೆ ಕೊಡಬಹುದು, ಇನ್ನೊಬ್ಬ ಡೆಲಿಗೇಟ್‌ಗೆ ಕೊಡಬಹುದು. ಧೈರ್ಯ ಇದ್ದರೆ ಪ್ರಶ್ನೆಗಳಿಗೇ ಕೊಡಿ.

ಹಾಳೆ ನೋಡಿ ಓದುವವರು ಕೈಯಲ್ಲಿರುವುದು ತಮ್ಮ ಹಾಳೆಯೇ ಅಂತ ಒಂದು ಸಲ ನೋಡಿಕೊಳ್ಳಿ. ನಮ್ಮವರೇ ಆದ ಎಸ್.ಎಂ. ಕೃಷ್ಣ ವಿದೇಶಾಂಗ ಮಂತ್ರಿಯಾಗಿದ್ದಾಗ 2011ರ ಫೆಬ್ರುವರಿಯಲ್ಲಿ ಭದ್ರತಾ ಮಂಡಳಿಯಲ್ಲಿ ಪೋರ್ಚುಗಲ್ ಮಂತ್ರಿಯ ಭಾಷಣವನ್ನು ಕೆಲವು ನಿಮಿಷ ಓದಿಬಿಟ್ಟಿದ್ದರು. ಅಂಥ ಅನುಭವಿಗೇ ಹಾಗಾದ ಮೇಲೆ ನೀವು ತಡವರಿಸಿದರೆ ಆಕಾಶ ಬೀಳುವುದಿಲ್ಲ.

ಮಾಡರೇಟೆಡ್ ಕಾಕಸ್, ಅನ್‌ಮಾಡರೇಟೆಡ್ ಕಾಕಸ್, ಪಾಯಿಂಟು... ತಲೆ ತಿರುಗ್ತದ. ಸ್ವಲ್ಪ ಹೇಳ್ರಿ.

ಮೊದಲು ಜನರಲ್ ಸ್ಪೀಕರ್ಸ್ ಲಿಸ್ಟ್: ಹೆಸರು ಕೊಟ್ಟವರು ಸರದಿಯಲ್ಲಿ ಮಾತಾಡುತ್ತಾರೆ. ಮಾಡರೇಟೆಡ್ ಕಾಕಸ್ ಅಂದರೆ ಒಂದು ಉಪವಿಷಯ, ಒಟ್ಟು ಸಮಯ, ಒಬ್ಬೊಬ್ಬರಿಗೆ ಎಷ್ಟು ಸೆಕೆಂಡ್ ಅಂತ ಗೊತ್ತುಮಾಡಿಕೊಂಡ ಚರ್ಚೆ. ಪ್ಲಕಾರ್ಡ್, ಅಂದರೆ ದೇಶದ ಹೆಸರಿನ ಫಲಕ, ಎತ್ತಿದವರನ್ನು ಸಭಾಪತಿ ಕರೆಯುತ್ತಾರೆ. ಅನ್‌ಮಾಡರೇಟೆಡ್‌ನಲ್ಲಿ ಎಲ್ಲರೂ ಎದ್ದು ಓಡಾಡಿ ಗುಂಪು ಕಟ್ಟುತ್ತಾರೆ. ನಿರ್ಣಯ ಹುಟ್ಟುವುದು ಅಲ್ಲೇ.

ಪಾಯಿಂಟ್‌ಗಳಲ್ಲಿ ನಾಲ್ಕು ಸಾಕು. ಮೈಕ್ ಕೇಳಿಸುತ್ತಿಲ್ಲ, ಫ್ಯಾನ್ ಇಲ್ಲ ಅಂದರೆ ಪರ್ಸನಲ್ ಪ್ರಿವಿಲೇಜ್. ನಿಯಮದ ಬಗ್ಗೆ ಅನುಮಾನ ಬಂದರೆ ಪಾರ್ಲಿಮೆಂಟರಿ ಎನ್‌ಕ್ವೈರಿ. ಭಾಷಣಕಾರರಿಗೆ ಪ್ರಶ್ನೆ ಕೇಳಲು ಪಾಯಿಂಟ್ ಆಫ್ ಇನ್ಫರ್ಮೇಷನ್. ನಿಯಮ ತಪ್ಪಿದ್ದನ್ನು ತೋರಿಸಲು ಪಾಯಿಂಟ್ ಆಫ್ ಆರ್ಡರ್. ಭಾರತದ ಬಹಳ ಎಂಯುಎನ್‌ಗಳಲ್ಲಿ ತಪ್ಪು ಮಾಹಿತಿ ಹಿಡಿಯಲೂ ಈ ಕೊನೆಯದನ್ನೇ ಬಳಸುತ್ತಾರೆ, ಆಗ ಪುರಾವೆ ಕೈಯಲ್ಲಿರಬೇಕು. ಮಾತುಮಾತಿಗೆ ಪಾಯಿಂಟ್ ಎತ್ತುವವರನ್ನು ಕಂಡರೆ ಯಾರಿಗೂ ಆಗುವುದಿಲ್ಲ, ಸಭಾಪತಿಗಂತೂ ಮೊದಲೇ ಆಗುವುದಿಲ್ಲ.

ಗಟ್ಟಿ ದನಿಯ ನಾಲ್ಕು ಜನ ಅನ್‌ಮಾಡ್ ಪೂರ್ತಿ ಹಿಡ್ಕೊಂಡು ಬಿಡ್ತಾರೆ. ನಾನು ಗುಂಪಿನ ಹೊರಗೇ ನಿಂತಿರ್ತೀನಿ.

ಈ ದೂರು ಹೆಚ್ಚಾಗಿ ಹುಡುಗಿಯರಿಂದ ಬರುತ್ತದೆ, ದೂರು ಸರಿಯಾಗಿಯೇ ಇದೆ. ಕೂಗಾಟಕ್ಕೆ ಕೂಗಾಟ ಸೇರಿಸಬೇಡಿ. ದೊಡ್ಡ ಗುಂಪಿನ ಅಂಚಿನಲ್ಲಿ ನಿಮ್ಮ ಹಾಗೆಯೇ ಪೆಚ್ಚಾಗಿ ನಿಂತ ಐದಾರು ಜನ ಇದ್ದೇ ಇರುತ್ತಾರೆ. ಅವರ ಹತ್ತಿರ ಹೋಗಿ, 'ನಿಮ್ಮ ದೇಶಕ್ಕೆ ಇದರಲ್ಲಿ ಏನು ಬೇಕು?' ಅಂತ ಕೇಳಿ ಬರೆದುಕೊಳ್ಳಿ. ಅರ್ಧ ಗಂಟೆಯಲ್ಲಿ ನಿಮ್ಮ ಹಿಂದೆ ಎಂಟು ಮತ ಇರುತ್ತವೆ, ಆ ನಾಲ್ವರು ತಾವಾಗಿ ಹುಡುಕಿಕೊಂಡು ಬರುತ್ತಾರೆ. ಅಧಿವೇಶನ ನಡೆಯುವಾಗ ಚೀಟಿ ಕಳಿಸುವುದಕ್ಕೂ ಅವಕಾಶ ಇದೆ. ಕರಡು ಟೈಪ್ ಮಾಡುವ ಕೆಲಸವನ್ನೂ ನೀವೇ ವಹಿಸಿಕೊಳ್ಳಿ. ಯಾವ ಸಾಲು ಉಳಿಯಬೇಕು, ಯಾವುದು ಹೋಗಬೇಕು ಅನ್ನುವುದು ಟೈಪ್ ಮಾಡುವವರ ಕೈಯಲ್ಲಿರುತ್ತದೆ.

## ಸ್ವಲ್ಪ ಪಳಗಿದವರಿಗೆ

ಡ್ರಾಫ್ಟ್ ರೆಸಲ್ಯೂಷನ್‌ನಲ್ಲಿ ನಮ್ಮ ಸಾಲುಗಳು ಸಪ್ಪೆ ಅಂತಾರೆ. ಯಾಕೆ?

'ಯಾರು, ಯಾವಾಗ, ಯಾರ ದುಡ್ಡಿನಲ್ಲಿ' ಅನ್ನುವುದು ಇರುವುದಿಲ್ಲ, ಅದಕ್ಕೆ. ಗಡಿ ದಾಟುವ ನದಿಗಳ ಅಜೆಂಡಾದಲ್ಲಿ ಸಾಮಾನ್ಯವಾಗಿ ಬರೆಯುವುದು ಹೀಗೆ:

'ಪ್ರವಾಹ ತಡೆಯಲು ಎಲ್ಲಾ ದೇಶಗಳೂ ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಒತ್ತಾಯಿಸುತ್ತದೆ.'

ಯಾರೂ ವಿರೋಧಿಸುವುದಿಲ್ಲ, ಯಾರೂ ನೆನಪೂ ಇಟ್ಟುಕೊಳ್ಳುವುದಿಲ್ಲ. ಈಗ ಅಫಜಲಪುರದ ಕಡೆಯವರು ಯೋಚಿಸಿ. ಮೇಲೆ ಮಹಾರಾಷ್ಟ್ರದ ಉಜನಿಯಿಂದ ನೀರು ಬಿಟ್ಟರೆ ಭೀಮೆ ಇಲ್ಲಿ ಉಕ್ಕುತ್ತಾಳೆ, 2020ರ ಅಕ್ಟೋಬರ್ ಯಾರಿಗೂ ಮರೆತಿಲ್ಲ. ಆಗ ನಿಮಗೆ ಬೇಕಿದ್ದದ್ದು ಏನು? ಎಷ್ಟು ನೀರು, ಎಷ್ಟು ಹೊತ್ತಿಗೆ ಬರುತ್ತದೆ ಅನ್ನುವ ಸುದ್ದಿ. ಅದನ್ನೇ ಬರೆಯಿರಿ:

'ಗಡಿ ದಾಟುವ ನದಿಗಳ ಮೇಲ್ದಂಡೆಯ ಸದಸ್ಯ ರಾಷ್ಟ್ರಗಳು ಅಣೆಕಟ್ಟೆಯಿಂದ ನೀರು ಬಿಡುವ ಕನಿಷ್ಠ 24 ಗಂಟೆ ಮುಂಚೆ ಹರಿವಿನ ಅಂಕಿಗಳನ್ನು ಕೆಳದಂಡೆಯ ರಾಷ್ಟ್ರಕ್ಕೆ ಕಳಿಸಬೇಕೆಂದೂ, ಇದಕ್ಕೆ ಬೇಕಾದ ತಾಂತ್ರಿಕ ನೆರವನ್ನು ವಿಶ್ವ ಹವಾಮಾನ ಸಂಸ್ಥೆಯ ಮೂಲಕ ಸ್ವಯಂಪ್ರೇರಿತ ದೇಣಿಗೆಯಿಂದ ಒದಗಿಸಬೇಕೆಂದೂ ಶಿಫಾರಸು ಮಾಡುತ್ತದೆ.'

ಈಗ ಮೇಲ್ದಂಡೆಯ ದೇಶಗಳು ಜಗಳಕ್ಕೆ ಬರುತ್ತವೆ. ಬರಲಿ. 24ರ ಬದಲು 12 ಗಂಟೆ ಅನ್ನುತ್ತಾರೆ, ನೀವು 18ಕ್ಕೆ ಒಪ್ಪುತ್ತೀರಿ.

ಸ್ಪಾನ್ಸರ್, ಸಿಗ್ನೇಟರಿ ಎರಡೂ ಒಂದೇ ಅಲ್ವಾ?

ಅಲ್ಲ. ಸ್ಪಾನ್ಸರ್ ಅಂದರೆ ಬರೆದವರು, ಅದನ್ನು ಬೆಂಬಲಿಸುವವರು. ಸಿಗ್ನೇಟರಿ 'ಇದು ಚರ್ಚೆಗೆ ಬರಲಿ' ಅಂತ ಸಹಿ ಹಾಕಿದವರು ಅಷ್ಟೇ, ಕೊನೆಗೆ ವಿರುದ್ಧ ಮತ ಹಾಕಿದರೂ ತಪ್ಪಿಲ್ಲ. ಸಹಿ ಕೇಳುವಾಗ ಇದನ್ನು ಬಾಯಿಬಿಟ್ಟು ಹೇಳಿ, ಹಿಂಜರಿಯುವವರೂ ಸಹಿ ಹಾಕುತ್ತಾರೆ. ಎಲ್ಲಾ ಸ್ಪಾನ್ಸರ್‌ಗಳೂ ಒಪ್ಪಿದ ತಿದ್ದುಪಡಿ ನೇರವಾಗಿ ಸೇರುತ್ತದೆ, ಒಬ್ಬರು ಒಪ್ಪದಿದ್ದರೂ ಮತಕ್ಕೆ ಹೋಗುತ್ತದೆ.

ಭದ್ರತಾ ಮಂಡಳಿ ಸಿಕ್ಕಿದೆ. ವೀಟೋ ಲೆಕ್ಕ ಹೇಳಿ.

15 ಸದಸ್ಯರು: ಕಾಯಂ ಐದು (ಅಮೆರಿಕ, ಬ್ರಿಟನ್, ಫ್ರಾನ್ಸ್, ರಷ್ಯಾ, ಚೀನಾ), ಎರಡು ವರ್ಷದ ಅವಧಿಗೆ ಆಯ್ಕೆಯಾದವರು ಹತ್ತು. ಮುಖ್ಯ ವಿಷಯದ ನಿರ್ಣಯಕ್ಕೆ 9 ಮತ ಬೇಕು, ಕಾಯಂ ಐವರಲ್ಲಿ ಯಾರೂ ವಿರುದ್ಧ ಹಾಕಿರಬಾರದು. ಅವರಲ್ಲಿ ಒಬ್ಬರು ವಿರುದ್ಧ ಹಾಕಿದರೂ ನಿರ್ಣಯ ಬೀಳುತ್ತದೆ, ಅದೇ ವೀಟೋ. ಅವರು ಮತ ಹಾಕದೆ ಸುಮ್ಮನಿದ್ದರೆ ಅದು ವೀಟೋ ಆಗುವುದಿಲ್ಲ. ಹಾಗಾಗಿ ರಷ್ಯಾವನ್ನೋ ಚೀನಾವನ್ನೋ 'ಹೌದು' ಅನ್ನಿಸುವುದಕ್ಕೆ ಒದ್ದಾಡಬೇಡಿ, ತಟಸ್ಥವಾಗಿರಲು ಒಪ್ಪಿಸಿದರೆ ಸಾಕು. ಕಾರ್ಯವಿಧಾನದ ವಿಷಯಗಳಿಗೆ ವೀಟೋ ಇಲ್ಲ.

ಇನ್ನೊಂದು ಮಾತು: ದಿಗ್ಬಂಧನ, ಸೇನೆ ಕಳಿಸುವ ಆದೇಶ ಈ ಮಂಡಳಿಯ ಅಧಿಕಾರ. ಸಾಮಾನ್ಯ ಸಭೆಯ ಕಮಿಟಿಯಲ್ಲಿ ಕೂತು ಯಾರ ಮೇಲೋ ಕಡ್ಡಾಯ ದಿಗ್ಬಂಧನ ಹೇರುವ ಕರಡು ಬರೆದರೆ ಸಭಾಪತಿ ಅಲ್ಲೇ ಹರಿದುಹಾಕುತ್ತಾರೆ.

ತಟಸ್ಥ ಮತ ಅಂದ್ರೆ ಹೇಡಿತನ ಅಲ್ವಾ?

2022ರ ಮಾರ್ಚ್ 2ರಂದು ಉಕ್ರೇನ್ ಕುರಿತ ಸಾಮಾನ್ಯ ಸಭೆಯ ನಿರ್ಣಯಕ್ಕೆ 141 ದೇಶ ಪರ, 5 ವಿರುದ್ಧ, 35 ತಟಸ್ಥ. ಭಾರತ ಆ 35ರಲ್ಲಿತ್ತು. ಇದು ಸರಿಯೋ ತಪ್ಪೋ ಅನ್ನುವುದು ಬೇರೆ ಜಗಳ. ಭಾರತ ಅವತ್ತು ಕೊಟ್ಟ ವಿವರಣೆಯನ್ನು ಓದಿ, ತಟಸ್ಥವಾಗಿ ನಿಂತೂ ಎಷ್ಟು ಮಾತು ಹೇಳಬಹುದು ಅಂತ ತಿಳಿಯುತ್ತದೆ.

ಲೋಕಸಭೆ, ಸರ್ವಪಕ್ಷ ಸಭೆ ಅಂತ ಕಮಿಟಿ ಇರ್ತವಲ್ಲ, ಅವು ಸುಲಭನಾ?

ಹಿಂದಿ, ಇಂಗ್ಲಿಷ್ ಎರಡೂ ನಡೆಯುವುದರಿಂದ ಸುಲಭ ಅನ್ನಿಸುತ್ತದೆ. ನಮ್ಮ ಕಡೆಯ ಹುಡುಗರ ದಖನಿ ಕಲೆತ ಹಿಂದಿಗೆ ಯಾರೂ ನಗುವುದಿಲ್ಲ, ನಕ್ಕರೂ ಮುಂದೆ ಹೋಗಿ. ಆದರೆ ಗಲಾಟೆ ಬಹಳ. ಟಿವಿ ಚರ್ಚೆ ನೋಡಿ ಕಲಿತವರೇ ಅಲ್ಲಿ ತುಂಬಿರುತ್ತಾರೆ. ನಿಮ್ಮ ಕೈಯಲ್ಲಿ ಕಾನೂನಿನ ಪಾಠ ಇರಲಿ. ಪ್ರಾದೇಶಿಕ ಅಸಮತೋಲನದ ವಿಷಯ ಬಂದರೆ ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯನ್ನು ನಿಮ್ಮಷ್ಟು ಚೆನ್ನಾಗಿ ಹೇಳುವವರು ಸಿಗುವುದಿಲ್ಲ: 98ನೇ ತಿದ್ದುಪಡಿ, ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಶಿಕ್ಷಣ ಮತ್ತು ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಾತಿ. ಆ ಮೀಸಲಾತಿಯ ಸರ್ಟಿಫಿಕೇಟಿಗೆ ನೀವೇ ಕ್ಯೂ ನಿಂತಿದ್ದೀರಲ್ಲ.

ಬೆಸ್ಟ್ ಡೆಲಿಗೇಟ್ ಯಾರಿಗೆ ಕೊಡ್ತಾರೆ? ಮೋಸ ಇರ್ತದಾ?

ಅಂಕ ಕೊಡುವವರೂ ವಿದ್ಯಾರ್ಥಿಗಳೇ, ಅವರವರ ಒಲವು ಇದ್ದೇ ಇರುತ್ತದೆ. ಒಂದು ಕಡೆ ಜೋರುದನಿಗೆ ಸಿಕ್ಕರೆ ಇನ್ನೊಂದು ಕಡೆ ಬರವಣಿಗೆಗೆ ಸಿಗುತ್ತದೆ. ಮುಗಿದ ಮೇಲೆ ಸಭಾಪತಿಯನ್ನು ಹುಡುಕಿ 'ನನ್ನದು ಎಲ್ಲಿ ಕಮ್ಮಿಯಾಯಿತು?' ಅಂತ ಕೇಳಿ. ಪ್ರಶಸ್ತಿ ಕೊಡದವರೂ ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಕೊಡುತ್ತಾರೆ.

ನಮ್ಮ ಕಾಲೇಜಿನಾಗ ನಾವೇ ಮಾಡಬಹುದಾ? ಕನ್ನಡದಾಗ?

ಧಾರಾಳವಾಗಿ. ಮೊದಲ ವರ್ಷ ಒಂದೇ ಕಮಿಟಿ, ಒಂದೇ ದಿನ, 25 ಜನ. ಕನ್ನಡದಲ್ಲೇ ಮಾಡಿ, ಮೋಷನ್ (ಸಭೆಯ ಮುಂದಿಡುವ ಸೂಚನೆ), ಪಾಯಿಂಟ್‌ಗಳ ಹೆಸರು ಮಾತ್ರ ಇಂಗ್ಲಿಷಿನದೇ ಇರಲಿ, ಹೊರಗೆ ಹೋದಾಗ ಗಾಬರಿಯಾಗುವುದಿಲ್ಲ. ವಿಷಯ ಹತ್ತಿರದ್ದಿರಲಿ: ಬೇಳೆಕಾಳು ವ್ಯಾಪಾರ, ನದಿ ನೀರು, 2023ರ ಸಿರಿಧಾನ್ಯ ವರ್ಷದಿಂದ ಜೋಳ ಬೆಳೆಯುವವರಿಗೆ ಏನು ಸಿಕ್ಕಿತು. ನಿಯಮ ಗೊತ್ತಿರುವ ಸೀನಿಯರ್ ಒಬ್ಬರು ಸಭಾಪತಿಯಾಗಲಿ. ಮೇಷ್ಟ್ರನ್ನು ಆ ಕುರ್ಚಿಯಲ್ಲಿ ಕೂರಿಸಿದರೆ ಯಾರೂ ಬಾಯಿ ಬಿಡುವುದಿಲ್ಲ. ಏಪ್ರಿಲ್, ಮೇ ಬೇಡ, 40 ಡಿಗ್ರಿ ದಾಟಿದ ಮೇಲೆ ಯಾವ ದೇಶವೂ ರಾಜಿಗೆ ಬರುವುದಿಲ್ಲ. ಡಿಸೆಂಬರ್, ಜನವರಿ ಚೆನ್ನ. ಪ್ಲಕಾರ್ಡಿಗೆ ಮದುವೆ ಕಾರ್ಡಿನ ಹಿಂಬದಿ ಸಾಕು. ಕರೆಂಟ್ ಹೋದರೆ ನಡೆಯಲಿ ಅಂತ ಕರಡಿನ ಒಂದು ಪ್ರತಿಯನ್ನು ಕೈಯಲ್ಲೂ ಬರೆದಿಟ್ಟುಕೊಳ್ಳಿ.